ಶಿಶುವಿಹಾರದ ಸಿಬ್ಬಂದಿಯ ಸರ್ವೆ: ಹೆಸರು ಕೇಳದಿದ್ದರೆ ಸಾಕಾ?

ಕೆಲವು ಶಿಶುವಿಹಾರಗಳ ಶಿಕ್ಷಕಿಯರು ಮತ್ತು ಸಹಾಯಕಿಯರನ್ನು ಸಂಬಳ, ಕೆಲಸದ ಒತ್ತಡ, ಮುಖ್ಯಸ್ಥರ ನಡವಳಿಕೆ ಬಗ್ಗೆ ಕೇಳಬೇಕು, ಹೆಸರಂತೂ ಕೇಳುತ್ತಿಲ್ಲ, ಅಷ್ಟು ಸಾಕಲ್ವಾ ಅಂತ ನಿಮ್ಮ ಪ್ರಶ್ನೆ. ಸಾಲದು. ಇಂಥ ಸರ್ವೆಗಳಿಗೆ ಪ್ರಶ್ನೆ ಬರೆಯುವುದು, ಬಂದ ಉತ್ತರಗಳನ್ನು ಜೋಡಿಸುವುದು ನನ್ನ ಕೆಲಸ. ಸರ್ವೆ ಮಾಡುವವರು ಪಾಸ್‌ವರ್ಡ್, ಹ್ಯಾಕರ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಉತ್ತರ ಬರೆಯುವ ಶಿಕ್ಷಕಿಯ ಭಯವೇ ಬೇರೆ: "ಇದನ್ನು ನಮ್ಮ ಮೇಡಂ ಓದಿಬಿಟ್ಟರೆ?" ನೀವು ಮೊದಲು ಕಾಯಬೇಕಾದ ಬಾಗಿಲು ಅದು.

ಒಂದು ಶಿಶುವಿಹಾರದಲ್ಲಿ ಇರುವುದೇ ಐದಾರು ಜನ. ಈ ಕೆಲಸದಲ್ಲಿ ಬಹುತೇಕ ಎಲ್ಲರೂ ಹೆಂಗಸರು. ಹಾಗಾಗಿ ಯಾರೋ "ಗಂಡಸು" ಎಂದು ಗುರುತು ಹಾಕಿದರೆ ಅವನ ಹೆಸರು ಬೇರೆ ಕೇಳಬೇಕಾಗಿಲ್ಲ. ಐವತ್ತೈದು ದಾಟಿದವರು ಒಬ್ಬರೇ ಇರಬಹುದು. ಹೋದ ತಿಂಗಳಷ್ಟೇ ಸೇರಿದವರು ಒಬ್ಬರೇ ಇರಬಹುದು. ವಯಸ್ಸು, ಹುದ್ದೆ, ಎಷ್ಟು ವರ್ಷದ ಅನುಭವ, ಈ ಮೂರು ಸೇರಿದರೆ ಒಳಗಿನವರಿಗೆ ಉತ್ತರ ಯಾರದು ಅಂತ ತಕ್ಷಣ ಗೊತ್ತಾಗುತ್ತದೆ.

ಇದು ನನ್ನ ಅತಿ ಅನುಮಾನ ಅನ್ನಿಸಿದರೆ ಒಂದು ಹಳೆಯ ಪ್ರಸಂಗ ಕೇಳಿ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ನೌಕರರ ಆಸ್ಪತ್ರೆ ಮಾಹಿತಿಯನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅದನ್ನು ಮತದಾರರ ಪಟ್ಟಿಯ ಜೊತೆ ಇಟ್ಟು ನೋಡಿದರು. ಹುಟ್ಟಿದ ದಿನಾಂಕ, ಪಿನ್ ಕೋಡ್, ಗಂಡೋ ಹೆಣ್ಣೋ, ಇಷ್ಟರಿಂದಲೇ ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಸಿಕ್ಕಿಬಿಟ್ಟಿತು. ಅದು ಇಡೀ ರಾಜ್ಯದ ಸರ್ಕಾರಿ ನೌಕರರ ಮಾಹಿತಿ. ನಿಮ್ಮದು ಆರು ಜನರ ಕೇಂದ್ರ.

ಆದ್ದರಿಂದ ಪ್ರಶ್ನೆಯಲ್ಲೇ ನಿಖರತೆ ಕಡಿಮೆ ಮಾಡಿ. ಹುಟ್ಟಿದ ದಿನಾಂಕ ಕೇಳಬೇಡಿ, "30ಕ್ಕಿಂತ ಕಡಿಮೆ, 30ರಿಂದ 49, 50 ಮತ್ತು ಮೇಲೆ" ಎಂದು ಕೊಡಿ. ನಿಖರ ವಯಸ್ಸು ಪಡೆದು ಆಮೇಲೆ ಗುಂಪು ಮಾಡೋಣ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಡೆಯದೇ ಇದ್ದ ಮಾಹಿತಿ ಸೋರುವುದಿಲ್ಲ. ಪ್ರತಿ ಪ್ರಶ್ನೆಗೂ "ಈ ಉತ್ತರ ಇಟ್ಟುಕೊಂಡು ಯಾವ ಲೆಕ್ಕ ಮಾಡುತ್ತೇನೆ?" ಅಂತ ಕೇಳಿಕೊಳ್ಳಿ. ಸುಮ್ನೆ ಇರಲಿ ಅಂತ ಹಾಕಿದ್ದನ್ನೆಲ್ಲ ತೆಗೆಯಿರಿ. ಮದುವೆ ಆಗಿದೆಯಾ, ಎಷ್ಟು ಮಕ್ಕಳು, ಇಂಥವು ಬಹಳ ಸಲ ಹಳೆಯ ಯಾವುದೋ ಫಾರ್ಮ್‌ನಿಂದ ನಕಲಾಗಿ ಬಂದಿರುತ್ತವೆ.

ಇನ್ನು ಉತ್ತರ ಕೈಗೆ ಸೇರುವ ದಾರಿ. ತುಂಬಿದ ಹಾಳೆಗಳನ್ನು ಮುಖ್ಯಸ್ಥರ ಟೇಬಲ್ ಮೇಲೆ ಇಡಿಸುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಕೈಬರಹವೇ ಸಾಕು ಗುರುತು ಹಿಡಿಯಲು. ಕಾಗದದಲ್ಲೇ ಮಾಡುವುದಾದರೆ ಪ್ರತಿಯೊಬ್ಬರಿಗೂ ಅಂಟಿಸಿ ಮುಚ್ಚುವ ಲಕೋಟೆ ಕೊಟ್ಟು ನಿಮ್ಮ ವಿಳಾಸಕ್ಕೇ ನೇರವಾಗಿ ಬರುವಂತೆ ಮಾಡಿ. ಮೊಬೈಲ್‌ನಲ್ಲಾದರೆ ಲಿಂಕ್ ಅನ್ನು ಕೇಂದ್ರದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ "ಮುಗಿಸಿದವರು ತಿಳಿಸಿ" ಅನ್ನಬೇಡಿ. ಒಬ್ಬೊಬ್ಬರಾಗಿ "ಆಯ್ತು ಮೇಡಂ" ಅಂತ ಬರೆಯುತ್ತಾರೆ, ಯಾರು ಬರೆದಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಭಾಗವಹಿಸದಿರುವುದೂ ಅವರ ಖಾಸಗಿ ವಿಷಯವೇ, ಅದನ್ನು ಮುಖ್ಯಸ್ಥರಿಗೆ ಹೇಳಬಾರದು.

ಗೂಗಲ್ ಫಾರ್ಮ್ ಬಳಸಿದರೆ ಎರಡು ಕಡೆ ಕಣ್ಣಿಡಿ. ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆ ಆಫ್ ಇರಲಿ. ಉತ್ತರ ಕೊಟ್ಟವರಿಗೆ ಫಲಿತಾಂಶದ ಸಾರಾಂಶ ತೋರಿಸುವ ಆಯ್ಕೆಯೂ ಆಫ್ ಇರಲಿ, ಇಲ್ಲದಿದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ. ಇವೆರಡನ್ನೂ ಮಾಡಿದರೂ ಪ್ರತಿ ಉತ್ತರದ ಪಕ್ಕ ಸಲ್ಲಿಸಿದ ಸಮಯ ದಾಖಲಾಗುತ್ತದೆ. ಮಧ್ಯಾಹ್ನ ಮಕ್ಕಳು ಮಲಗಿದಾಗ ಯಾರು ಮೊಬೈಲ್ ಹಿಡಿದು ಕೂತಿದ್ದರು ಅಂತ ಸಹೋದ್ಯೋಗಿಗಳಿಗೆ ಗೊತ್ತಿರುತ್ತದೆ. ಲೆಕ್ಕ ಶುರು ಮಾಡುವ ಮೊದಲು ಆ ಕಾಲಂ ಅಳಿಸಿ. ಉತ್ತರಗಳು ಸೇರುವ ಶೀಟ್ ಯಾರ ಯಾರ ಜೊತೆ ಹಂಚಿಕೊಂಡಿದ್ದೀರಿ ಅಂತಲೂ ಆಗಾಗ ನೋಡಿ.

ಆರು ತಿಂಗಳ ನಂತರ ಅದೇ ಜನರನ್ನು ಮತ್ತೆ ಕೇಳಬೇಕಿದ್ದರೆ, ಎರಡು ಸಲದ ಉತ್ತರ ಹೊಂದಿಸಲು ಪ್ರತಿಯೊಬ್ಬರಿಗೂ ಒಂದು ಕೋಡ್ ಬೇಕಾಗುತ್ತದೆ. ಯಾವ ಕೋಡ್ ಯಾರದು ಅನ್ನುವ ಪಟ್ಟಿಯನ್ನು ಉತ್ತರಗಳಿಂದ ಬೇರೆ ಜಾಗದಲ್ಲಿ, ಒಬ್ಬರ ಕೈಯಲ್ಲಿ ಮಾತ್ರ ಇಡಿ. ಅದನ್ನು ನಾಶ ಮಾಡುವ ದಿನಾಂಕವನ್ನು ಮೊದಲೇ ಬರೆದಿಡಿ. ಆ ಪಟ್ಟಿ ಇರುವಷ್ಟು ದಿನ "ನೀವು ಯಾರೆಂದು ಯಾರಿಗೂ ಗೊತ್ತಾಗಲ್ಲ" ಅಂತ ಮಾತು ಕೊಡಬೇಡಿ, ಅದು ನಿಜವಲ್ಲ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾಯ್ದೆಯೂ ಹೀಗೆ ಕೋಡ್ ಹಾಕಿದ ಮಾಹಿತಿಯನ್ನು ವೈಯಕ್ತಿಕ ಮಾಹಿತಿ ಎಂದೇ ಪರಿಗಣಿಸುತ್ತದೆ. "ನಮ್ಮ ತಂಡದ ಇಂಥವರಿಗೆ ಮಾತ್ರ ಗೊತ್ತಿರುತ್ತದೆ, ಇಂಥ ದಿನದವರೆಗೆ ನಿಮ್ಮ ಉತ್ತರ ವಾಪಸ್ ಪಡೆಯಬಹುದು" ಅಂತ ಬರೆಯಿರಿ. ಪಟ್ಟಿ ಹೋದ ಮೇಲೆ ಯಾರ ಉತ್ತರ ಯಾವುದು ಅಂತ ನಿಮಗೇ ತಿಳಿಯುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಅದನ್ನೂ ಹೇಳಿ.

"ನಿಮ್ಮ ಮಾತಿನಲ್ಲಿ ಬರೆಯಿರಿ" ಎನ್ನುವ ಖಾಲಿ ಜಾಗದ ಬಗ್ಗೆ ನನಗೆ ಸದಾ ಭಯ. ಅಲ್ಲಿ ಜನ ಮನಸ್ಸು ಬಿಚ್ಚುತ್ತಾರೆ. "ಹೆರಿಗೆ ರಜೆ ಮುಗಿಸಿ ಬಂದ ಮೇಲೆ ನನ್ನನ್ನು ಚಿಕ್ಕ ಮಕ್ಕಳ ಕೋಣೆಗೆ ಹಾಕಿದರು" ಅನ್ನುವ ಒಂದೇ ಸಾಲು ಬರೆದವರ ಗುರುತು ಕೊಟ್ಟುಬಿಡುತ್ತದೆ. ಕೆಲವರು ಮಗುವಿನ ಹೆಸರು, ಕಾಯಿಲೆ, ಮನೆಯ ಜಗಳ ಎಲ್ಲ ಬರೆಯುತ್ತಾರೆ. ಆ ಮಗುವಾಗಲೀ ಅಪ್ಪ ಅಮ್ಮನಾಗಲೀ ನಿಮ್ಮ ಸರ್ವೆಗೆ ಒಪ್ಪಿಗೆ ಕೊಟ್ಟಿಲ್ಲ. ಜಾಗದ ಮೇಲೆಯೇ "ಮಕ್ಕಳ, ಸಹೋದ್ಯೋಗಿಗಳ ಹೆಸರು ಬರೆಯಬೇಡಿ" ಎಂದು ಹಾಕಿ. ಆದರೂ ಬರೆಯುತ್ತಾರೆ, ಕೂತು ಒಂದೊಂದಾಗಿ ಓದಿ ತೆಗೆಯಬೇಕು. ವರದಿಯಲ್ಲಿ ಅವರ ಮಾತನ್ನು ಹಾಗೆಯೇ ಎತ್ತಿ ಹಾಕುವುದಕ್ಕಿಂತ ಸಾರ ಬರೆಯುವುದು ಒಳ್ಳೆಯದು.

ಅದೇ ಜಾಗದಲ್ಲಿ ಯಾರಾದರೂ "ಇಲ್ಲಿ ಮಕ್ಕಳಿಗೆ ಹೊಡೆಯುತ್ತಾರೆ" ಅಂತ ಬರೆದರೆ? ಆಗ ಗುಟ್ಟು ಕಾಯುವ ಮಾತು ದೊಡ್ಡದೋ ಮಗು ದೊಡ್ಡದೋ ಅನ್ನುವ ಪ್ರಶ್ನೆ ಬರುತ್ತದೆ. ನನ್ನ ಪ್ರಕಾರ ಮಗುವೇ. ಹಾಗಿದ್ದ ಮೇಲೆ ಒಪ್ಪಿಗೆ ಪತ್ರದಲ್ಲೇ ಅದನ್ನು ಬರೆದಿರಬೇಕು: ಮಗುವಿಗೆ ಅಪಾಯ ಇದೆ ಅಂತ ತಿಳಿದರೆ ಸಂಬಂಧಪಟ್ಟವರಿಗೆ ತಿಳಿಸುತ್ತೇವೆ ಎಂದು. ಯಾರು ತಿಳಿಸುತ್ತಾರೆ, ಯಾರಿಗೆ, ಎಷ್ಟು ಬೇಗ ಅನ್ನುವುದೂ ಸರ್ವೆ ಶುರುವಾಗುವ ಮೊದಲೇ ತೀರ್ಮಾನ ಆಗಿರಲಿ.

ವರದಿಗೆ ಬಂದಾಗ ಕೇಂದ್ರವಾರು ಅಂಕಿ ಕೊಡಬೇಡಿ. ಒಂದು ಗುಂಪಿನಲ್ಲಿ ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಆ ಅಂಕಿ ಪ್ರಕಟಿಸಬಾರದು ಅನ್ನುವುದು ನಾನು ಇಟ್ಟುಕೊಂಡ ಮಿತಿ. ಕಳೆಯುವ ಲೆಕ್ಕವನ್ನೂ ಮರೆಯಬೇಡಿ. ಒಟ್ಟು ಹದಿನೈದು ಜನರ ಅಂಕಿ ಒಂದು ಪುಟದಲ್ಲಿ, ಅವರಲ್ಲಿ ಹದಿನಾಲ್ಕು ಶಿಕ್ಷಕಿಯರ ಅಂಕಿ ಇನ್ನೊಂದು ಪುಟದಲ್ಲಿ ಇದ್ದರೆ, ಉಳಿದ ಒಬ್ಬ ಸಹಾಯಕಿ ಏನು ಹೇಳಿದಳು ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಫೈಲಿಗೆ ಪಾಸ್‌ವರ್ಡ್, ಲ್ಯಾಪ್‌ಟಾಪ್‌ಗೆ ಎನ್‌ಕ್ರಿಪ್ಶನ್ (ಬೇರೆಯವರಿಗೆ ಓದಲಾಗದಂತೆ ಮಾಡುವುದು), ಎಕ್ಸೆಲ್ ಫೈಲನ್ನು ಇಮೇಲ್‌ನಲ್ಲಿ ಓಡಾಡಿಸದಿರುವುದು, ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ.

ಕೊನೆಯದಾಗಿ, ದುಡ್ಡು ಕೊಟ್ಟವರೋ ಶಿಶುವಿಹಾರದ ಆಡಳಿತದವರೋ ವರದಿ ನೋಡಿದ ಮೇಲೆ "ಮೂಲ ಉತ್ತರಗಳನ್ನೂ ಕಳಿಸಿ" ಅನ್ನುತ್ತಾರೆ. ಕೇಳೇ ಕೇಳುತ್ತಾರೆ. ಆಗ ಇಲ್ಲ ಅನ್ನುವುದು ಕಷ್ಟ. ಕೊಡುವುದಿಲ್ಲ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ, ಅವರ ಸಹಿ ಬಿದ್ದ ಮೇಲೆಯೇ ಸಿಬ್ಬಂದಿಗೆ ಸರ್ವೆಯ ಲಿಂಕ್ ಕಳಿಸಿ.