ಕಾಲೇಜಿಗೆ ಸೇರುತ್ತಲೇ ರೆಮಿಡಿಯಲ್ ಗಣಿತಕ್ಕೆ ಹಾಕಿದ್ದಾರೆ. ಹೋಗಬೇಕಾ, ತಪ್ಪಿಸಿಕೊಳ್ಳಬೇಕಾ?

ತೀರ್ಮಾನ ಮಾಡುವ ಮುಂಚೆ ಆಫೀಸಿಗೆ ಹೋಗಿ ಒಂದು ವಿಷಯ ಕೇಳಿಕೊಂಡು ಬನ್ನಿ. ಈ ರೆಮಿಡಿಯಲ್ ಕ್ಲಾಸು, ಅಂದರೆ ಶಾಲೆಯ ಗಣಿತವನ್ನೇ ಮತ್ತೆ ಗಟ್ಟಿ ಮಾಡಿಸುವ ಕ್ಲಾಸು, ಮುಖ್ಯ ಗಣಿತ ಪೇಪರಿನ ಜೊತೆಗೇ ನಡೆಯುತ್ತಾ, ಇಲ್ಲಾ ಇದು ಪಾಸಾದ ಮೇಲಷ್ಟೇ ಆ ಪೇಪರಿಗೆ ಬಿಡ್ತಾರಾ? ಜೊತೆಗೇ ಇದ್ದರೆ ಕಣ್ಣುಮುಚ್ಚಿ ಸೇರಿಕೊಳ್ಳಿ. ಮುಂಚೆ ಅಂದರೆ ಸ್ವಲ್ಪ ಜಗಳ ಆಡಬೇಕಾಗುತ್ತದೆ.

ನೀವು ಬರೆದಿರೋದು ಇಷ್ಟು: ಸೇರಿದ ವಾರದಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿ ಟೆಸ್ಟ್ ಬರೆಸಿದರು, ಅಂಕ ಕಡಿಮೆ ಬಂತು, ರೆಮಿಡಿಯಲ್ ಅಂದರು. ಗೆಳೆಯರೆಲ್ಲ ನೇರವಾಗಿ ಮುಖ್ಯ ಕ್ಲಾಸಿಗೆ ಹೋದರು. ನಾಚಿಕೆ ಒಂದು ಕಡೆ, ವರ್ಷ ಸುಮ್ನೆ ಹಾಳಾಗುತ್ತಾ ಅನ್ನೋ ಭಯ ಇನ್ನೊಂದು ಕಡೆ.

ನಾನು ಇಂಥ ಕ್ಲಾಸುಗಳನ್ನೇ 11 ವರ್ಷ ತೆಗೆದುಕೊಂಡ ಮೇಷ್ಟ್ರು. ನಾಚಿಕೆ ವಿಷಯ ಮೊದಲು ಮುಗಿಸಿಬಿಡೋಣ. "ಈಗಿನ ಹುಡುಗರಿಗೆ ಏನೂ ಬರಲ್ಲ" ಅನ್ನೋ ಮಾತು ಬಹಳ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1849ರಲ್ಲಿ ಬಾಗಿಲು ತೆರೆದಾಗ ನಡೆದ ಮೊದಲ ತರಗತಿಯೇ ಹುಡುಗರನ್ನು ಕಾಲೇಜಿಗೆ ತಯಾರು ಮಾಡುವ ತರಗತಿ. ಹಾರ್ವರ್ಡ್‌ನವರು 1874ರಿಂದ ಪ್ರವೇಶಕ್ಕೆ ಒಂದು ಸಣ್ಣ ಪ್ರಬಂಧ ಬರೆಸತೊಡಗಿದರು. ಒಳ್ಳೊಳ್ಳೆ ಮನೆತನದ ಹುಡುಗರ ಬರವಣಿಗೆ ನೋಡಿ ಅಲ್ಲಿನ ಮೇಷ್ಟ್ರುಗಳು ತಲೆ ಚಚ್ಚಿಕೊಂಡರು. ನೀವೊಬ್ಬರೇ ಅಲ್ಲ, ಬಿಡಿ.

ಇನ್ನು ಆ ಟೆಸ್ಟ್. ಅದನ್ನು ಅಷ್ಟೊಂದು ನಂಬಬೇಡಿ. ಬೇಸಿಗೆಯಲ್ಲಿ ಪುಸ್ತಕ ಮುಟ್ಟದೆ, ತಯಾರಿ ಇಲ್ಲದೆ, ಒಂದು ಗಂಟೆ ಕೂತು ಬರೆದದ್ದು ನಿಮ್ಮ ಬಗ್ಗೆ ಎಷ್ಟು ಹೇಳೀತು? ಕೊಲಂಬಿಯಾ ವಿಶ್ವವಿದ್ಯಾಲಯದ ಜುಡಿತ್ ಸ್ಕಾಟ್-ಕ್ಲೇಟನ್ ಮತ್ತು ಅವರ ಜೊತೆಗಾರರು ಇಂಥ ಟೆಸ್ಟ್‌ಗಳನ್ನು ಕೆದಕಿ ನೋಡಿ 2014ರಲ್ಲಿ ಬರೆದರು. ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರು ತೀರಾ ತಪ್ಪು ಜಾಗಕ್ಕೆ ಬಿದ್ದಿದ್ದರು. ಶಾಲೆಯಲ್ಲಿ ವರ್ಷಗಟ್ಟಲೆ ತೆಗೆದ ಅಂಕಗಳನ್ನೂ ಸೇರಿಸಿ ನೋಡಿದರೆ ಈ ತಪ್ಪು ಕಡಿಮೆಯಾಗುತ್ತಿತ್ತು. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಇಂಥ ಎರಡು ಟೆಸ್ಟ್‌ಗಳಲ್ಲಿ ಒಂದಾದ ಕಂಪಾಸ್ ಅನ್ನು ಅದನ್ನು ತಯಾರಿಸಿದವರೇ 2016ರಲ್ಲಿ ನಿಲ್ಲಿಸಿಬಿಟ್ಟರು. ಹಾಗಾಗಿ ಶಾಲೆಯ ಅಂಕಪಟ್ಟಿ ಹಿಡಿದುಕೊಂಡೇ ಆಫೀಸಿಗೆ ಹೋಗಿ. ಇನ್ನೊಮ್ಮೆ ಟೆಸ್ಟ್ ಬರೆಯಬಹುದಾ ಅಂತಲೂ ಕೇಳಿ. ಎಷ್ಟೋ ಕಡೆ ಬಿಡ್ತಾರೆ, ಆದರೆ ಯಾರೂ ತಾವಾಗಿ ಹೇಳಲ್ಲ.

ಈಗ ಜೊತೆಗೆ, ಮುಂಚೆ ಅನ್ನೋ ವಿಷಯಕ್ಕೆ ಬರ್ತೀನಿ.

ನಾನು ಮೊದಲು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ರೆಮಿಡಿಯಲ್ ಗಣಿತಕ್ಕೆ ಎರಡು ಮೆಟ್ಟಿಲು ಇತ್ತು. ಎರಡನ್ನೂ ಹತ್ತಿದ ಮೇಲೆ ಮುಖ್ಯ ಪೇಪರ್. ನನ್ನ ಮೆಟ್ಟಿಲಲ್ಲಿ ನೂರಕ್ಕೆ 80 ಮಂದಿ ಪಾಸಾಗುತ್ತಿದ್ದರು. ಒಳ್ಳೆ ಕೆಲಸ ಮಾಡ್ತಿದ್ದೀನಿ ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬರು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ನೂರು ಜನಕ್ಕೆ ರೆಮಿಡಿಯಲ್ ಅಂದರೆ 80 ಮಂದಿ ಕ್ಲಾಸಿಗೆ ಬರುತ್ತಾರೆ ಅಂತಿಟ್ಟುಕೊಳ್ಳಿ, ಉಳಿದವರು ಬೇಜಾರಾಗಿ ಬಿಟ್ಟೇಬಿಡ್ತಾರೆ. ಅವರಲ್ಲಿ ನೂರಕ್ಕೆ 80ರಂತೆ ಪಾಸಾದವರು 64. ಅವರಲ್ಲಿ ಎರಡನೇ ಮೆಟ್ಟಿಲಿಗೆ ಹೆಸರು ಬರೆಸುವವರು 51. ಪಾಸಾಗುವವರು 41. ಮುಖ್ಯ ಪೇಪರಿಗೆ ಹೆಸರು ಬರೆಸುವವರು 33. ಅದರಲ್ಲಿ ಪಾಸಾಗುವವರು 26. ಪ್ರತಿ ಹಂತದಲ್ಲೂ 80 ಅಂದರೆ ಚೆನ್ನಾಗಿಯೇ ಇದೆ, ಅಲ್ವಾ? ಕೊನೆಗೆ ಉಳಿದದ್ದು ಕಾಲು ಭಾಗ. ಆ ಚೀಟಿ ನೋಡಿದ ಮೇಲೆ ಎದೆ ಉಬ್ಬಿಸೋದು ಬಿಟ್ಟೆ.

ಇದು ಬರೀ ಚೀಟಿಯ ಲೆಕ್ಕವೂ ಅಲ್ಲ. ಥಾಮಸ್ ಬೇಲಿ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಸಮುದಾಯ ಕಾಲೇಜುಗಳ, ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸು ನಡೆಸುವ ಸ್ಥಳೀಯ ಕಾಲೇಜುಗಳ, ದಾಖಲೆ ತೆಗೆದು ನೋಡಿದರು. ರೆಮಿಡಿಯಲ್ ಗಣಿತಕ್ಕೆ ಕಳಿಸಿದವರಲ್ಲಿ ಎಲ್ಲ ಮೆಟ್ಟಿಲು ಮುಗಿಸಿದವರು ನೂರಕ್ಕೆ 33. ಓದುವ ಕೌಶಲದ ಕ್ಲಾಸಿನಲ್ಲಿ 46. ಫೇಲಾಗಿ ಹೋದವರಿಗಿಂತ ಮುಂದಿನ ಕ್ಲಾಸಿಗೆ ಹೆಸರೇ ಬರೆಸದವರು ಜಾಸ್ತಿ. ಕೆಲಸ ಸಿಗುತ್ತದೆ, ಮನೆಯಲ್ಲಿ ಏನೋ ಆಗುತ್ತದೆ, ದುಡ್ಡು ಸಾಲಲ್ಲ. ಎರಡು ಸೆಮಿಸ್ಟರ್ ನಡುವಿನ ರಜೆ ಇದ್ದಷ್ಟೂ ಜನ ಜಾರಿಹೋಗಲು ಜಾಗ ಇದ್ದಂತೆ.

ಜೊತೆಗೇ ನಡೆಸುವ ಕ್ರಮವನ್ನು ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಭಿನ್ನರಾಶಿ ಬಾರದವನನ್ನು ಮುಖ್ಯ ಪೇಪರಿಗೆ ಕೂರಿಸೋದಾ, ಈಜು ಬಾರದವನನ್ನು ಬಾವಿಗೆ ತಳ್ಳಿದ ಹಾಗಲ್ವಾ ಅಂದಿದ್ದೆ. ನನ್ನ ಬಾಯಿ ಮುಚ್ಚಿಸಿದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಒಂದು ಪ್ರಯೋಗ. ರೆಮಿಡಿಯಲ್ ಬೇಕು ಅಂತ ಗುರುತಾಗಿದ್ದ ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ರೆಮಿಡಿಯಲ್ ಬೀಜಗಣಿತ. ಎರಡನೆಯದಕ್ಕೆ ಅದೇ ಬೀಜಗಣಿತ, ವಾರಕ್ಕೊಂದು ಹೆಚ್ಚುವರಿ ತರಬೇತಿ. ಮೂರನೆಯದಕ್ಕೆ ರೆಮಿಡಿಯಲ್ ಬಿಟ್ಟು ನೇರ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರ, ಜೊತೆಗೆ ವಾರಕ್ಕೊಂದು ತರಬೇತಿ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಸಾದವರು ಕ್ರಮವಾಗಿ ನೂರಕ್ಕೆ 39, 45, 56. ಮೇಲಿನ ಕ್ಲಾಸಿಗೆ ಹಾಕಿದವರೇ ಜಾಸ್ತಿ ಪಾಸಾಗಿದ್ದರು! ಮುಂದೆ ಡಿಗ್ರಿ ಮುಗಿಸಿದವರೂ ಆ ಗುಂಪಿನಲ್ಲೇ ಹೆಚ್ಚು.

ಟೆನೆಸೀ ರಾಜ್ಯದ ಸಮುದಾಯ ಕಾಲೇಜುಗಳು 2015ರಲ್ಲಿ ಎಲ್ಲರಿಗೂ ಇದೇ ಕ್ರಮ ತಂದವು. ರೆಮಿಡಿಯಲ್ ಬೇಕಿದ್ದವರಲ್ಲಿ ಮೊದಲ ವರ್ಷದಲ್ಲೇ ಮುಖ್ಯ ಗಣಿತ ಪಾಸಾಗುವವರು ನೂರಕ್ಕೆ 12ರಿಂದ 50ರ ಆಸುಪಾಸಿಗೆ ಏರಿದರು. ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಆ ಪೇಪರ್ ಪಾಸಾದವರು ಹೆಚ್ಚಿದಷ್ಟು ಡಿಗ್ರಿ ಮುಗಿಸಿದವರು ಅಲ್ಲಿ ಹೆಚ್ಚಲಿಲ್ಲ. ಜೊತೆ ಕ್ಲಾಸು ಅನ್ನೋದು ಮಂತ್ರವೇನಲ್ಲ. ಇನ್ನೊಂದು, ನ್ಯೂಯಾರ್ಕ್‌ನ ಮೂರನೇ ಗುಂಪು ಓದಿದ್ದು ಸಂಖ್ಯಾಶಾಸ್ತ್ರ. ನೀವು ಯಾವ ಡಿಗ್ರಿ ಅಂತ ಬರೆದಿಲ್ಲ. ಇಂಜಿನಿಯರಿಂಗೋ ಭೌತಶಾಸ್ತ್ರವೋ ಆದರೆ ಬೀಜಗಣಿತದಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಸಮಾಜಶಾಸ್ತ್ರ, ಮನಶ್ಶಾಸ್ತ್ರದ ಕಡೆ ಹೋಗುವವರಾದರೆ ಸಂಖ್ಯಾಶಾಸ್ತ್ರದ ದಾರಿ ಇದೆಯಾ ಅಂತ ಖಂಡಿತ ವಿಚಾರಿಸಿ.

ಒಳಗೆ ಪಾಠ ಹೇಗೆ ನಡೆಯುತ್ತದೆ ಅನ್ನೋದೂ ಅಷ್ಟೇ ಮುಖ್ಯ. ಶಾಲೆಯ ಪುಸ್ತಕವನ್ನೇ ಮೊದಲ ಪುಟದಿಂದ, ಇನ್ನೂ ಜೋರಾಗಿ, ಇನ್ನೂ ಬೇಗ ಓಡಿಸುವ ಕ್ಲಾಸಾದರೆ ಉಪಯೋಗ ಕಡಿಮೆ. ಒಂದು ಸಲ ಹತ್ತದ್ದು ಅದೇ ರೀತಿಯಲ್ಲಿ ಎರಡನೇ ಸಲ ಯಾಕೆ ಹತ್ತುತ್ತದೆ?

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ಕೆಂಪು ಗೆರೆ ಎಳೆದು ಮುಂದೆ ಹೋಗುವವನಿದ್ದೆ. ಯಾಕೋ ಅವತ್ತು, "ಹೇಗೆ ಬಂತು?" ಅಂತ ಕೇಳಿದೆ. "ಸಾರ್, ಮೊದಲನೇ ಟೆಸ್ಟಲ್ಲಿ ಎರಡು ಲೆಕ್ಕದಲ್ಲಿ ಒಂದು ಸರಿ, ಎರಡನೇದರಲ್ಲಿ ಮೂರರಲ್ಲಿ ಒಂದು ಸರಿ. ಒಟ್ಟು ಐದರಲ್ಲಿ ಎರಡು ತಾನೇ?" ಅಂದ. ನನಗೆ ಮಾತೇ ಹೊರಡಲಿಲ್ಲ. ಅವನು ಹೇಳಿದ್ದು ಸರಿ. ಅಂಕ ಕೂಡಿಸೋದು ಹಾಗೇ. ಅವನು ದಡ್ಡನಲ್ಲ, ಬೇರೆ ಯಾವುದೋ ಪ್ರಶ್ನೆಗೆ ಸರಿ ಉತ್ತರ ಬರೆದಿದ್ದ. ಆಮೇಲೆ ಇಬ್ಬರೂ ಕೂತು ಒಂದು ಗೆರೆ ಎಳೆದೆವು. ಅದರ ಅರ್ಧ ಗುರುತು ಮಾಡಿದೆವು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ ಅಂತ ಕೇಳಿದೆ. 2/5 ಅರ್ಧಕ್ಕಿಂತ ಕಮ್ಮಿ ಅಲ್ವಾ! ಅವನೇ ನಕ್ಕುಬಿಟ್ಟ. ಅದಾದ ಮೇಲೆ 5/6 ಹೇಗೆ ಬರುತ್ತದೆ ಅಂತ ಹೇಳಿಕೊಡೋಕೆ ಐದು ನಿಮಿಷವೂ ಬೇಕಾಗಲಿಲ್ಲ.

ಸಮ ಚಿಹ್ನೆಯದೂ ಇದೇ ಕಥೆ. ಎಷ್ಟೋ ಜನ 5 + 3 = 8 × 2 = 16 ಅಂತ ಒಂದೇ ಸಾಲಿನಲ್ಲಿ ಬರೆದುಕೊಂಡು ಹೋಗ್ತಾರೆ. ಅವರಿಗೆ ಆ ಎರಡು ಗೆರೆ ಅಂದರೆ "ಈಗ ಉತ್ತರ ಬರುತ್ತೆ" ಅಂತ ಅರ್ಥ, ಕ್ಯಾಲ್ಕ್ಯುಲೇಟರಿನ ಗುಂಡಿಯ ಹಾಗೆ. ಎರಡೂ ಬದಿ ಒಂದೇ ತೂಕ ಅನ್ನೋದು ಮನಸ್ಸಿಗೆ ಬಂದಿರಲ್ಲ. ಬರದೇ ಇದ್ದರೆ ಸಮೀಕರಣ ಬಿಡಿಸೋದೆಲ್ಲ ಬಾಯಿಪಾಠವೇ. ಹತ್ತು ವರ್ಷದ ಗಣಿತದಲ್ಲಿ ನಿಜವಾಗಿ ಕೆಟ್ಟಿರೋದು ಇಂಥ ನಾಲ್ಕೈದು ಮೊಳೆ ಅಷ್ಟೇ. ನಿಮ್ಮ ಮೇಷ್ಟ್ರು "ಹೇಗೆ ಬಂತು?" ಅಂತ ಕೇಳುವವರಾದರೆ ಅವರನ್ನು ಬಿಡಬೇಡಿ. ಕೇಳದಿದ್ದರೆ ನೀವೇ ಹೋಗಿ, ನಾನು ಹೀಗೆ ಯೋಚಿಸಿದೆ, ಎಲ್ಲಿ ತಪ್ಪಿತು ಅಂತ ಕೇಳಿ.

ಒಬ್ಬರೇ ಕೂತು ಓದಲೂಬೇಡಿ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಅನ್ನುವವರು, ಕೆಲವು ವಿದ್ಯಾರ್ಥಿಗಳು ಕ್ಯಾಲ್ಕ್ಯುಲಸ್‌ನಲ್ಲಿ ಯಾಕೆ ಎಡವುತ್ತಾರೆ ಅಂತ ಅವರ ಹಿಂದೆಯೇ ಓಡಾಡಿ ನೋಡಿದರು. ಶಾಲೆಯಲ್ಲಿ ಚೆನ್ನಾಗಿ ಓದಿ ಬಂದಿದ್ದ ಕರಿಯ ವಿದ್ಯಾರ್ಥಿಗಳು ಕಷ್ಟಪಟ್ಟು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದವರು ಜೊತೆಗೂಡಿ ಲೆಕ್ಕ ಮಾಡಿ, ಒಬ್ಬರ ತಪ್ಪು ಇನ್ನೊಬ್ಬರು ಹಿಡಿಯುತ್ತಿದ್ದರು. ಟ್ರೈಸ್ಮನ್ ಸುಲಭದ ಲೆಕ್ಕ ಕೊಡಲಿಲ್ಲ. ಗುಂಪು ಮಾಡಿ ಇನ್ನೂ ಕಷ್ಟದ ಲೆಕ್ಕ ಕೊಟ್ಟರು. ಫಲಿತಾಂಶ ಬಹಳ ಸುಧಾರಿಸಿತು. ನಾನೂ ಆಮೇಲೆ ನನ್ನ ಕ್ಲಾಸಿನ ಬೆಂಚುಗಳನ್ನು ತಿರುಗಿಸಿ ಎದುರುಬದುರು ಹಾಕಿಸಿದೆ. ಗಲಾಟೆ ಅಂತ ಪಕ್ಕದ ಕ್ಲಾಸಿನಿಂದ ದೂರು ಬಂತು. ಅದು ಬೇರೆ ವಿಷಯ.

ನಿಮಗೆ "ಮುಂಚೆ"ಯ ಕ್ಲಾಸೇ ಸಿಕ್ಕಿದ್ದರೆ, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳೋಕೆ ಬಿಡ್ತಾರಾ ಕೇಳಿ. ಎಷ್ಟು ಮೆಟ್ಟಿಲು, ಅದರ ಕ್ರೆಡಿಟ್ ಡಿಗ್ರಿಗೆ ಸೇರುತ್ತಾ, ಬೇರೆ ಫೀಸು ಇದೆಯಾ, ಇದನ್ನೂ ಕೇಳಿ. ಎಷ್ಟೋ ಕಡೆ ಫೀಸು ಇರುತ್ತೆ, ಕ್ರೆಡಿಟ್ ಇರಲ್ಲ. ಏನೂ ನಡೆಯದಿದ್ದರೆ ಸೇರಿ ಮುಗಿಸಿ, ಆದರೆ ಮರು ಸೆಮಿಸ್ಟರಿನಲ್ಲೇ ಮುಖ್ಯ ಪೇಪರಿಗೆ ಹೆಸರು ಬರೆಸಿ. "ಒಂದು ಸೆಮಿಸ್ಟರ್ ಬಿಟ್ಟು ನೋಡೋಣ" ಅಂತ ಹೋದ ನನ್ನ ವಿದ್ಯಾರ್ಥಿಗಳಲ್ಲಿ ವಾಪಸ್ ಬಂದವರು ತೀರಾ ಕಡಿಮೆ. ಜೊತೆ ಕ್ಲಾಸಾದರೆ ಮುಖ್ಯ ಪೇಪರಿನಲ್ಲಿ ಆ ವಾರ ತಲೆ ತಿಂದ ಲೆಕ್ಕವನ್ನೇ ಅಲ್ಲಿಗೆ ಒಯ್ಯಿರಿ, ಅದು ಇರೋದೇ ಅದಕ್ಕೆ.

ಆಫೀಸಿನಲ್ಲಿ ಏನಂದರು, ಯಾವ ಡಿಗ್ರಿ ಅಂತ ಕೆಳಗೆ ಬರೆಯಿರಿ. ಟೆಸ್ಟಿನಲ್ಲಿ ತಪ್ಪಿದ ಒಂದೆರಡು ಲೆಕ್ಕ ನೆನಪಿದ್ದರೆ ಅದನ್ನೂ ಹಾಕಿ, ನೀವು ಬರೆದಿದ್ದ ಉತ್ತರದ ಸಮೇತ.