ಅಜ್ಜಿಗೆ ಮಷೀನ್ ತರುವ ಮುಂಚೆ

ತಂಗಿ,

ನಿನ್ನ ಮೆಸೇಜ್ ಎರಡು ಸಲ ಓದಿದೆ. ಧಾರವಾಡದಲ್ಲಿ ಬಿಎಎಸ್‌ಎಲ್‌ಪಿ, ಅಂದರೆ ಮಾತು, ಕಿವಿಯ ಡಿಗ್ರಿ, ಮುಗಿಯುತ್ತಾ ಬಂತು, ಮೆಲ್ಬರ್ನಿನಲ್ಲಿ ಕಿವಿಯ ಓದು ಆಡಿಯಾಲಜಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಫೆಬ್ರವರಿಗೆ ಹೊರಡಬೇಕು ಅಂತ ಬರೆದಿದ್ದೀಯ. ಬ್ಯಾಡಗಿಯ ಹುಡುಗಿ ಇಲ್ಲಿಗೆ ಬರುತ್ತಾಳೆ ಅಂದ ಕೂಡಲೇ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಓದು ಹೇಗಿರುತ್ತದೆ, ಪಾರ್ಟ್ ಟೈಮ್ ಕೆಲಸ ಸಿಗುತ್ತದಾ, ನಮ್ಮ ಇಂಗ್ಲಿಷ್ ನಡೆಯುತ್ತದಾ, ಸಾಮಾನು ಏನು ತರಲಿ ಅಂತೆಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದೀಯ: ‘ನಮ್ಮ ಅಜ್ಜಿಗೆ ಕಿವಿ ಮಂದ, ಮೊದಲ ರಜೆಗೆ ಬರುವಾಗ ಅಲ್ಲಿಂದ ಒಳ್ಳೆ ಮಷೀನ್ ತರಬೇಕು ಅಂದುಕೊಂಡಿದ್ದೇನೆ, ಯಾವುದು ತರಲಿ ಅಕ್ಕ?’ ಉಳಿದಿದ್ದಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ಆ ಕೊನೆಯ ಸಾಲಿಗೆ ಸ್ವಲ್ಪ ಹೊತ್ತು ಬೇಕು.

ಓದು ಎರಡು ವರ್ಷ. ನಮ್ಮಲ್ಲಿ ಮಾತು, ಕಿವಿ ಎರಡೂ ಒಂದೇ ಡಿಗ್ರಿಯಲ್ಲಿ ಬರುತ್ತವೆ, ಇಲ್ಲಿ ಅವು ಬೇರೆ ಬೇರೆ. ಆಡಿಯಾಲಜಿ ತಗೊಂಡ ಮೇಲೆ ತೊದಲುವ ಮಗುವಿನ ಕೇಸು ನಿನ್ನ ಹತ್ತಿರ ಬರುವುದಿಲ್ಲ. ಮಾಸ್ಟರ್ಸ್ ಆದಮೇಲೆ ಸುಮಾರು ಒಂದು ವರ್ಷ ಹಿರಿಯರ ಕೈಕೆಳಗೆ ಇಂಟರ್ನ್ ಆಗಿ ಕೆಲಸ ಮಾಡಬೇಕು, ಆಗ ಇಲ್ಲಿನ ಆಡಿಯಾಲಜಿಸ್ಟರ ಸಂಘ ಆಡಿಯಾಲಜಿ ಆಸ್ಟ್ರೇಲಿಯಾದವರ ಸರ್ಟಿಫಿಕೇಟ್ ಬರುತ್ತದೆ. ನೀನು ಅಲ್ಲಿ ಕಲಿತದ್ದು ಕಡಿಮೆ ಅಂತ ಮಾತ್ರ ಅಂದುಕೊಳ್ಳಬೇಡ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದೇ 1965ರಲ್ಲಿ, ನಮಗೆ ಪಾಠ ಹೇಳಿದವರಲ್ಲಿ ಎಷ್ಟೋ ಜನ ಅಲ್ಲಿ ಓದಿ ಬಂದವರು. ಬೇರಾ, ಓಎಇ, ಟಿಂಪನೊಮೆಟ್ರಿ ಅಂತ ಕಿವಿಯ ಟೆಸ್ಟುಗಳಲ್ಲಿ ಯಾವುದೂ ನನಗೆ ಇಲ್ಲಿ ಹೊಸದು ಅನ್ನಿಸಲಿಲ್ಲ. ಹೊರರೋಗಿಗಳ ಸಾಲಿನಲ್ಲಿ ಬೆಳಗಿನಿಂದ ಸಂಜೆತನಕ ಟೆಸ್ಟ್ ಮಾಡಿದ ಕೈ ನಿನ್ನದು, ಧೈರ್ಯವಾಗಿ ಬಾ.

ಕೆಲಸದ ವಿಷಯ. ಸ್ಟೂಡೆಂಟ್ ವೀಸಾದಲ್ಲಿ ಈಗ ಎರಡು ವಾರಕ್ಕೆ 48 ಗಂಟೆ ಮಾಡಬಹುದು. ಆದರೆ ಕ್ಲಿನಿಕ್ ಪೋಸ್ಟಿಂಗ್ ಶುರುವಾದರೆ ಅಷ್ಟು ಮಾಡಲು ಆಗುವುದಿಲ್ಲ, ಪೋಸ್ಟಿಂಗಿಗೆ ಸಂಬಳವೂ ಇಲ್ಲ. ಅಪ್ಪ ಸಾಲ ಮಾಡಬೇಕಾ ಬೇಡವಾ ಅನ್ನುವುದು ನಿಮ್ಮ ಮನೆಯ ಮಾತು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಸಾಮಾನು ಅಂದರೆ ಖಟಕ್ ರೊಟ್ಟಿ, ಶೇಂಗಾ ಚಟ್ನಿ ತಗೊಂಡು ಬಾ, ಏರ್‌ಪೋರ್ಟಿನ ಫಾರ್ಮಿನಲ್ಲಿ ಎಲ್ಲವನ್ನೂ ಬರೆದು ತೋರಿಸು. ಪೇಡೆ ತರಬೇಡ, ಹಾಲಿನ ಸಿಹಿ ಒಳಗೆ ಬಿಡುವುದಿಲ್ಲ. ಅವ್ವ ಕಟ್ಟಿಕೊಟ್ಟ ಡಬ್ಬಿ ಕಸದ ತೊಟ್ಟಿಗೆ ಬಿದ್ದದ್ದು ನೋಡಿ ನಾನು 2011ರಲ್ಲಿ ಅಲ್ಲೇ ನಿಂತು ಅತ್ತಿದ್ದೆ.

ಇಂಗ್ಲಿಷ್. ಎಲ್ಲರೂ ತಮ್ಮ ಬಾಯಿಯ ಬಗ್ಗೆ ಹೆದರುತ್ತಾರೆ, ಹೆದರಬೇಕಾದದ್ದು ಕಿವಿಯ ಬಗ್ಗೆ. ಸ್ಪೀಚ್ ಟೆಸ್ಟಿಗೆ ಪದಗಳು ರೆಕಾರ್ಡಿಂಗಿನಿಂದಲೇ ಬರುತ್ತವೆ, ನಿನ್ನ ಉಚ್ಚಾರ ಅಲ್ಲಿ ಬೇಕಿಲ್ಲ. ಆದರೆ ಪೇಷಂಟ್ ತಿರುಗಿ ಹೇಳಿದ್ದನ್ನು ಕೇಳಿ ಮಾರ್ಕ್ ಹಾಕುವವಳು ನೀನು. ಒಂದು ಪಟ್ಟಿಗೆ 10 ಪದ, 30 ಧ್ವನಿ. ಒಂದೊಂದು ಧ್ವನಿಗೂ ಸರಿ ತಪ್ಪು ಹಾಕಬೇಕು. ಇಲ್ಲಿನ ಹಳಬರು ‘ಡೇ’ ಅಂದರೆ ನಮಗೆ ‘ಡೈ’ ಅಂತ ಕೇಳುತ್ತದೆ. ವಿ, ಡಬ್ಲ್ಯೂ ಎರಡೂ ನಮಗೆ ಒಂದೇ ‘ವ’. ಮೊದಲ ತಿಂಗಳು ನಾನು ಸರಿ ಹೇಳಿದವರಿಗೆ ತಪ್ಪು ಹಾಕಿದ್ದೇನೆ. ಹಿಂದೆ ಕೂತ ಸೂಪರ್‌ವೈಸರ್ ಮೆಲ್ಲಗೆ ಪೆನ್ಸಿಲ್ಲಿನಿಂದ ಹಾಳೆಯ ಮೇಲೆ ಕುಟ್ಟುತ್ತಿದ್ದರು. ಈಗಿನಿಂದಲೇ ದಿನಾ ಒಂದು ತಾಸು ಇಲ್ಲಿನ ರೇಡಿಯೊ ಕೇಳು, ಎಬಿಸಿ ಫೋನಿನಲ್ಲೇ ಸಿಗುತ್ತದೆ. ಸುದ್ದಿ ಓದುವವರನ್ನಲ್ಲ, ಕರೆ ಮಾಡಿ ಮಾತಾಡುವ ಹಳ್ಳಿ ಜನರನ್ನು ಕೇಳು.

ಇನ್ನು ಅಜ್ಜಿಯ ಮಷೀನ್.

ನಮ್ಮ ಮನೆ ಬೆಟಗೇರಿಯಲ್ಲಿ. ಅಪ್ಪ ಪಾವರ್‌ಲೂಮ್ ನಡೆಸುವವರು. ಅಡುಗೆ ಮನೆಗೂ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಲಾಳಿ ಹೊಡೆಯುವ ಸದ್ದಿನಲ್ಲೇ ನಾನು ಹೋಮ್‌ವರ್ಕ್ ಮಾಡಿದ್ದು, ಅದರಲ್ಲೇ ನಿದ್ದೆ ಮಾಡಿದ್ದು. ಕರೆದರೆ ಅಪ್ಪ ಓ ಅನ್ನುತ್ತಿರಲಿಲ್ಲ, ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದರು, ಟಿವಿ ಸೌಂಡು ಓಣಿಗೆಲ್ಲ ಕೇಳುತ್ತಿತ್ತು. ಸಿಟ್ಟಿನ ಮನುಷ್ಯ ಅಂತ ಅವ್ವ ಅನ್ನುತ್ತಿದ್ದಳು, ನಾವೂ ಹಾಗೇ ನಂಬಿದ್ದೆವು. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹಾಡು ಕೇಳಲು ತಪ್ಪದೇ ಹೋಗುತ್ತಿದ್ದವರು ನಾನು ಧಾರವಾಡಕ್ಕೆ ಓದಲು ಹೋಗುವ ಹೊತ್ತಿಗೆ ಅದನ್ನೂ ಬಿಟ್ಟಿದ್ದರು. ವಯಸ್ಸಾಯ್ತು ಅಂದುಕೊಂಡೆ. ನಾಲ್ಕು ವರ್ಷ ಅಲ್ಲಿ ಕಂಡವರ ಕಿವಿಯೆಲ್ಲ ಟೆಸ್ಟ್ ಮಾಡಿದೆ. ಬಸ್ಸಿನಲ್ಲಿ ಎರಡು ತಾಸಿನ ದಾರಿ, ಅಪ್ಪನನ್ನು ಒಂದು ದಿನವೂ ಟೆಸ್ಟಿನ ಬೂತಿನಲ್ಲಿ ಕೂರಿಸಲಿಲ್ಲ.

ಇಲ್ಲಿಗೆ ಬಂದು ಎರಡನೇ ಸೆಮಿಸ್ಟರಿನಲ್ಲಿ ಕೆಲಸದ ಜಾಗದ ಸದ್ದಿನ ಬಗ್ಗೆ ಪಾಠ. ಪರದೆ ಮೇಲೆ ಒಬ್ಬ ಕಾರ್ಖಾನೆ ಕೆಲಸಗಾರನ ಆಡಿಯೋಗ್ರಾಮ್, ಅಂದರೆ ಕಿವಿಯ ಟೆಸ್ಟಿನ ನಕ್ಷೆ. ಗೆರೆ ಕೆಳಗೆ ಇಳಿದಷ್ಟೂ ಕೇಳುವುದು ಕಡಿಮೆ. 250ರಿಂದ 2000 ಹರ್ಟ್ಸ್‌ವರೆಗೆ ಗೆರೆ ನೆಟ್ಟಗೆ ಬಂದು, 4000ಕ್ಕೆ ಬಾವಿಗೆ ಬಿದ್ದಂತೆ ಇಳಿದು, 8000ಕ್ಕೆ ಸ್ವಲ್ಪ ಏಳುತ್ತದೆ. ಇದನ್ನು ನೀನೂ ಓದಿದ್ದೀಯ, ನಾನೂ ಓದಿದ್ದೆ. ಆವತ್ತು ಟೀಚರ್ ಇಷ್ಟೇ ಹೇಳಿದರು: ಇಂಥವರಿಗೆ ಸ್ವರ ಕೇಳುತ್ತದೆ, ಸ, ಶ, ತ, ಕ ಥರದ ವ್ಯಂಜನ ಕೇಳುವುದಿಲ್ಲ, ಅದಕ್ಕೇ ಮಾತು ಕೇಳಿಸುತ್ತದೆ ಆದರೆ ಅರ್ಥವಾಗುವುದಿಲ್ಲ. ‘ಕೇಳಸ್ತೈತವ್ವಾ, ಏನಂತೀ ತಿಳಿಯಂಗಿಲ್ಲ’ ಅಂತ ಅಪ್ಪ ನನಗೆ ಎಷ್ಟು ಸಲ ಹೇಳಿರಬೇಕು! ನಾನು ಜೋರಾಗಿ ಕೂಗುತ್ತಿದ್ದೆ, ಅಷ್ಟೇ. ಆ ಕ್ಲಾಸಿನಲ್ಲಿ ಮುಂದೆ ಏನು ಹೇಳಿದರೋ ನನಗೆ ನೆನಪಿಲ್ಲ.

ಇಂಟರ್ನ್ ಆಗಿ ಬಂದ ಸಂಬಳ ಕೂಡಿಸಿ ಎರಡೂ ಕಿವಿಗೆ ಮಷೀನ್ ತಗೊಂಡೆ. 2013ರ ಡಿಸೆಂಬರ್, 12 ದಿನದ ರಜೆ. ಬಂದ ಎರಡನೇ ದಿನ ಹುಬ್ಬಳ್ಳಿಯಲ್ಲಿ ಟೆಸ್ಟ್ ಮಾಡಿಸಿದೆ. ನಾನು ಊಹಿಸಿದ ಗೆರೆಯೇ ಬಂತು. ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ಮಾಡಿ ಅಪ್ಪನ ಕಿವಿಗೆ ಹಾಕಿದೆ. ಆಮೇಲೆ ಕಾಕಾನ ಮಗಳ ಮದುವೆ, ನೆಂಟರು, ಓಡಾಟ. ಹೊರಡುವ ಹಿಂದಿನ ರಾತ್ರಿ ಅರ್ಧ ತಾಸು ಕೂತು ‘ಮುಂಜಾನೆ ಎದ್ದ ಕೂಡಲೇ ಹಾಕೋ, ಮಲಗುವಾಗ ತೆಗಿ’ ಅಂತ ಹೇಳಿ ಬಂದುಬಿಟ್ಟೆ. ಫೋನ್ ಮಾಡಿದಾಗಲೆಲ್ಲ ‘ಹಾಕೊಂಡೀನವ್ವಾ’ ಅನ್ನುತ್ತಿದ್ದರು. ಎರಡು ವರ್ಷ ಹಾಗೇ ಅಂದರು.

2015ರಲ್ಲಿ ಮತ್ತೆ ಹೋದಾಗ ಅಡಿಕೆ ಡಬ್ಬಿಯಲ್ಲಿ ಮಷೀನ್ ಸಿಕ್ಕಿತು. ಪ್ಲಾಸ್ಟಿಕ್ ಹಾಳೆಯಲ್ಲಿ ನೀಟಾಗಿ ಸುತ್ತಿ ಇಟ್ಟಿದ್ದರು. ನಾನು ಕೊಟ್ಟು ಹೋದ 13 ನಂಬರ್ ಬ್ಯಾಟರಿಗಳ ಕಿತ್ತಳೆ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಬೈಯುವುದಕ್ಕೆ ಬಾಯಿ ತೆಗೆದೆ. ಅಪ್ಪ ತಪ್ಪು ಮಾಡಿದ ಮಗುವಿನ ಹಾಗೆ ನಿಂತಿದ್ದರು. ‘ಮಗ್ಗದ ಮುಂದ ಹಾಕೊಂಡ್ನಿ, ತಲ್ಯಾಗ ಮಗ್ಗ ಹೊಕ್ಕಂಗಾತು’ ಅಂದರು.

ಮುಂಜಾನೆ ಎದ್ದ ಕೂಡಲೇ ಹಾಕೋ ಅಂದವಳು ನಾನೇ ಅಲ್ವಾ? ಮುಂಜಾನೆ ಎದ್ದು ಅಪ್ಪ ಹೋಗುವುದು ಎಲ್ಲಿಗೆ? ಆ ಸಲ ಸದ್ದು ಅಳೆಯುವ ಮೀಟರ್ ಒಯ್ದಿದ್ದೆ, ಮಗ್ಗದ ಮುಂದೆ ಹಿಡಿದರೆ 97 ಡೆಸಿಬೆಲ್. ಇಲ್ಲಿನ ನಿಯಮದ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ತಾಸು ಇರಬಹುದು, 3 ಹೆಚ್ಚಾದಂತೆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 97ಕ್ಕೆ ಬರೀ ಅರ್ಧ ತಾಸು. ನಮ್ಮಪ್ಪ 34 ವರ್ಷ ದಿನಕ್ಕೆ 10 ತಾಸು ನಿಂತಿದ್ದಾರೆ. ಅಂಥಲ್ಲಿ ಬೇಕಾದದ್ದು ಕಿವಿಗೆ ಪ್ಲಗ್. ನಾನು ಕೊಟ್ಟದ್ದು ಸದ್ದು ಹೆಚ್ಚು ಮಾಡುವ ಯಂತ್ರ.

ಇಲ್ಲಿ ಮಷೀನ್ ಕೊಡುವ ಮುಂಚೆ ಒಂದು ಹಾಳೆ ತುಂಬಿಸುತ್ತೇವೆ. ಕೋಸಿ ಅಂತ ಹೆಸರು, ಸಿಡ್ನಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನವರು ಮಾಡಿದ್ದು, ನಿನಗೂ ಕಲಿಸುತ್ತಾರೆ. ಅದರಲ್ಲಿ ಐದು ಸಾಲು ಇರುತ್ತವೆ. ನಿಮಗೆ ಎಲ್ಲಿ, ಯಾರ ಮಾತು, ಏನು ಕೇಳಬೇಕು ಅಂತ ಪೇಷಂಟ್ ಬಾಯಿಂದಲೇ ಕೇಳಿ ಬರೆಯಬೇಕು. ಎಷ್ಟೋ ಅಪರಿಚಿತ ಮುದುಕರಿಗೆ ಈ ಪ್ರಶ್ನೆ ಕೇಳಿದ್ದೆ. ಅಪ್ಪನಿಗೆ ಕೇಳಿದ್ದು ಆವತ್ತೇ ಮೊದಲು. ಅವ್ವನನ್ನು, ತಮ್ಮನನ್ನು ಹೊರಗೆ ಕಳಿಸಿ ಕೇಳಿದೆ, ಯಾಕಂದರೆ ನಮ್ಮಲ್ಲಿ ಪೇಷಂಟ್‌ಗೆ ಕೇಳಿದ ಪ್ರಶ್ನೆಗೆ ಇಡೀ ಮನೆ ಉತ್ತರ ಕೊಡುತ್ತದೆ. ಅಪ್ಪ ಬಹಳ ಹೊತ್ತು ಸುಮ್ನೆ ಕೂತಿದ್ದು ಮೂರು ಹೇಳಿದರು. ಫೋನಿನಲ್ಲಿ ನನ್ನ ಮಾತು. ನೂಲಿನ ಅಂಗಡಿಯವನು ಹೇಳುವ ಲೆಕ್ಕ. ಆಶ್ರಮದಲ್ಲಿ ಹಾಡುವ ವಚನ, ‘ರಾಗ ಕೇಳಸ್ತೈತಿ, ಮಾತು ಸಿಗಂಗಿಲ್ಲ’ ಅಂತ. ನಾವೆಲ್ಲ ಜಗಳ ಆಡುತ್ತಿದ್ದ ಟಿವಿ ಅವರ ಪಟ್ಟಿಯಲ್ಲಿ ಇರಲೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅಜ್ಜಿಗೆ ಇಲ್ಲಿಂದ ಮಷೀನ್ ತರಬೇಡ. ಇಲ್ಲಿ ಕೊಂಡದ್ದಕ್ಕೆ ಅಲ್ಲಿ ಸೆಟ್ಟಿಂಗ್, ರಿಪೇರಿ ಮಾಡುವವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಫೆಬ್ರವರಿಗೆ ಇನ್ನೂ ಟೈಮ್ ಇದೆ. ಈಗಲೇ ಅಜ್ಜಿಯನ್ನು ಧಾರವಾಡಕ್ಕೆ ಕರೆದುಕೊಂಡು ಬಾ, ನೀನೇ ಟೆಸ್ಟ್ ಮಾಡು. ಅಜ್ಜಿಯನ್ನು ಒಬ್ಬಳನ್ನೇ ಕೂರಿಸಿ ಏನು ಕೇಳಬೇಕು ಅಂತ ಕೇಳು. ಮಷೀನನ್ನು ಅಲ್ಲೇ ಕೊಡಿಸು. ಮೊದಲು ಎರಡು ವಾರ ದಿನಾ ಸ್ವಲ್ಪ ಹೊತ್ತು ಜೊತೆಗೆ ಕೂತು ಹಾಕಿಸು, ಮೊದಲು ಶಾಂತವಾದ ಕೋಣೆಯಲ್ಲಿ, ಆಮೇಲೆ ಪಡಸಾಲೆಯಲ್ಲಿ. ನೀನು ಹೊರಟ ಮೇಲೆ ತಿಂಗಳಿಗೊಮ್ಮೆ ನೋಡಲು ನಿನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ಹೇಳಿ ಬಾ. ಇದು ನಿನ್ನ ವೀಸಾ ಕಾಗದಕ್ಕಿಂತ ಮುಖ್ಯ ಅನ್ನುತ್ತೇನೆ ನಾನು.

ಅಪ್ಪನಿಗೆ ಈಗ ಹುಬ್ಬಳ್ಳಿಯ ಒಬ್ಬ ಹುಡುಗಿ ನೋಡುತ್ತಾಳೆ, ನನ್ನ ಜೂನಿಯರ್. ಮಗ್ಗದ ಮುಂದೆ ಪ್ಲಗ್, ಆಶ್ರಮಕ್ಕೆ ಮಷೀನ್. ಮಾತು ಪೂರ್ತಿ ಸಿಗುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಸಿಗುತ್ತದೆ. ಇನ್ನೂ ಬೇಗ ಹಾಕಿದ್ದರೆ ಎಷ್ಟು ಸಿಗುತ್ತಿತ್ತೋ ಅಂತ ಈಗಲೂ ರಾತ್ರಿ ಯೋಚನೆ ಬರುತ್ತದೆ. ಇಲ್ಲಿ ಚಳಿಗಾಲದ ರಾತ್ರಿ ಒಂಬತ್ತು ಅಂದರೆ ಬೆಟಗೇರಿಯಲ್ಲಿ ಸಂಜೆ ನಾಲ್ಕೂವರೆ. ನಾನು ಫೋನ್ ಮಾಡುತ್ತೇನೆ, ಹಿಂದೆ ಮಗ್ಗ ನಿಲ್ಲುತ್ತದೆ. ಡಬ್ಬಿ ತೆಗೆದ ಸದ್ದು. ಆಮೇಲೆ ಫೋನು ಕಿವಿಯ ಹತ್ತಿರ ಬಂದಾಗ ಮಷೀನ್ ಕುಯ್ ಅಂತ ಸೀಟಿ ಹೊಡೆಯುತ್ತದೆ. ಅದು ಕೇಳಿದ ಮೇಲೆಯೇ ನಾನು ಅಪ್ಪಾ ಅನ್ನುತ್ತೇನೆ.