ಎಂಡಾರ್ಸ್‌ಮೆಂಟ್ ಹಣ ಬಂದ ಮೇಲೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸಣ್ಣ ಕಾಲೇಜುಗಳಿಗೆ ಉಳಿಗಾಲ ಇದೆಯಾ? ಮಗನನ್ನು ಈಗಲೇ ದೊಡ್ಡ ಕಾಲೇಜಿಗೆ ಕಳಿಸಬೇಕಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂದಿತು. ನಿಮ್ಮ ಮಗ ಸಣ್ಣ ಕಾಲೇಜಿನ ಕಿಕ್ಕರ್, ಅಂದರೆ ತಂಡದಲ್ಲಿ ಚೆಂಡು ಒದೆಯುವವನು. ದೊಡ್ಡ ಕಾಲೇಜಿನ ಕಡೆಯವರು ಅಂತ ಯಾರೋ ಫೋನ್ ಮಾಡಿ ತಿಂಗಳಿಗೆ ಇಷ್ಟು ಡಾಲರ್ ಎಂದಿದ್ದಾರೆ. "ಇನ್ನು ದುಡ್ಡಿದ್ದ ಕಾಲೇಜುಗಳೇ ಗೆಲ್ಲೋದು, ಈಗಲೇ ಹೊರಟರೆ ಒಳ್ಳೆಯದಲ್ವಾ?" ಎಂದು ಕೇಳಿದ್ದೀರಿ. ನಮ್ಮ ಮನೆಗೆ ಇದೇ ಫೋನ್ 2023ರ ನವೆಂಬರ್ ಕೊನೆಯಲ್ಲಿ ಬಂದಿತ್ತು. ನಾವು ಹೊರಟೆವು.

ಅದು ಭಾನುವಾರ ಬೆಳಗ್ಗೆ. ಹಿಂದಿನ ದಿನ ಸೀಸನ್ನಿನ ಕೊನೇ ಮ್ಯಾಚ್ ಮುಗಿದಿತ್ತು. ನನ್ನ ಮಗ ಆ ವರ್ಷ 21 ಫೀಲ್ಡ್ ಗೋಲ್‌ಗಳಲ್ಲಿ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದೆಯುವ ಪ್ರಯತ್ನಗಳಲ್ಲಿ, 18 ಹೊಡೆದಿದ್ದ. ಒಂದು 51 ಗಜದ್ದು. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ನಮ್ಮೂರಿನ ಫುಟ್‌ಬಾಲ್ ಅಲ್ಲ. ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ. ಕಾಲಲ್ಲಿ ಒದೆಯುವ ಕೆಲಸ ಇರುವುದು ತಂಡದಲ್ಲಿ ಒಬ್ಬಿಬ್ಬರಿಗೆ ಮಾತ್ರ. ಚಿಕ್ಕಂದಿನಲ್ಲಿ ಸಾಕರ್ ಆಡಿದ ನಮ್ಮಂಥವರ ಮಕ್ಕಳು ಈ ಆಟಕ್ಕೆ ಬಂದರೆ ಸಾಮಾನ್ಯವಾಗಿ ಈ ಬಾಗಿಲಿನಿಂದಲೇ ಬರುತ್ತಾರೆ. ನನ್ನ ಮಗನೂ ಹಾಗೇ ಬಂದ. ಎಂಟು ವರ್ಷ ಮನೆ ಹತ್ತಿರದ ಪಾರ್ಕಿನಲ್ಲಿ ಅವನು ಒದೆದ ಚೆಂಡನ್ನು ಹೆಕ್ಕಿ ತಂದವನು ನಾನು. ಆ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ, ಮಗ ಫೋನ್ ಸ್ಪೀಕರಿಗೆ ಹಾಕಿ ಒಲೆ ಪಕ್ಕ ಇಟ್ಟ. "ತಿಂಗಳಿಗೆ ಮೂರು ಸಾವಿರ, ಮೇಲೆ ಪೂರ್ತಿ ಸ್ಕಾಲರ್‌ಶಿಪ್, ಸ್ಟಾರ್ಟರ್ ಜಾಗ ಖಾಲಿ ಇದೆ." ಸ್ಟಾರ್ಟರ್ ಅಂದರೆ ಮೊದಲ ಆಯ್ಕೆಯ ಆಟಗಾರ. ಕಾವಲಿಯ ಮೇಲಿನ ದೋಸೆ ಸೀದು ಹೋಯಿತು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಫೋನ್ ಮಾಡಿದವರು ಕೋಚ್ ಅಲ್ಲ, ಕಾಲೇಜಿನವರೂ ಅಲ್ಲ. ಕಲೆಕ್ಟಿವ್ ಜೊತೆ ಕೆಲಸ ಮಾಡುವ ಏಜೆಂಟ್. ಕಲೆಕ್ಟಿವ್ ಅಂದರೆ ಹಳೇ ವಿದ್ಯಾರ್ಥಿಗಳು, ದುಡ್ಡಿರುವ ಅಭಿಮಾನಿಗಳು ಸೇರಿ ಕಟ್ಟಿಕೊಂಡ ಸಂಸ್ಥೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು ಎಂದು ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಬಿಟ್ಟಿತಲ್ಲ, ಆಮೇಲೆ ಇವು ಊರಿಗೊಂದು ಹುಟ್ಟಿಕೊಂಡವು. ಹೆಸರಿಗೆ ಎಂಡಾರ್ಸ್‌ಮೆಂಟ್. ನನ್ನ ಮಗ ಮಾಡಬೇಕಿದ್ದದ್ದು ತಿಂಗಳಿಗೆ ಎರಡು ಇನ್‌ಸ್ಟಾಗ್ರಾಂ ಪೋಸ್ಟ್, ವರ್ಷಕ್ಕೊಮ್ಮೆ ಮಕ್ಕಳ ಕ್ಯಾಂಪಿನಲ್ಲಿ ಅರ್ಧ ದಿನ. ಇಷ್ಟಕ್ಕೆ ಯಾರಾದರೂ ತಿಂಗಳಿಗೆ ಮೂರು ಸಾವಿರ ಡಾಲರ್ ಕೊಡುತ್ತಾರಾ? ಅದು ಆಡುವುದಕ್ಕೆ ಕೊಡುವ ಸಂಬಳ. ಇದನ್ನು ಆಗಲೇ ಒಪ್ಪಿಕೊಂಡಿದ್ದರೆ, ಕೆಲಸಕ್ಕೆ ಸೇರುವಾಗ ಕೇಳುವ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಜಾಹೀರಾತು ಅಂದುಕೊಂಡಿದ್ದರಿಂದ ಸುಮ್ನೆ ಖುಷಿಪಟ್ಟೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಡಿಸೆಂಬರ್ ಮೊದಲ ವಾರ ಪೋರ್ಟಲ್ ತೆರೆಯಿತು. ಕಾಲೇಜು ಬದಲಾಯಿಸುವ ಆಟಗಾರರ ಪಟ್ಟಿ ಅದು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಇದ್ದ ಕೋಚ್‌ಗೆ ಒಂದು ಮಾತೂ ಹೇಳದೆ, ಮಗನ ಹೆಸರನ್ನು ಅದರಲ್ಲಿ ಹಾಕಿಸಿಬಿಟ್ಟೆ. ಮಗ ಎರಡು ಸಲ ಹೇಳಿದ, "ಅಪ್ಪಾ, ಕೋಚ್ ಹತ್ತಿರ ಮೊದಲು ಮಾತಾಡ್ತೀನಿ." ನಾನೇ ಬೇಡ ಎಂದೆ. ಹೇಳಿದರೆ ಅವರು ಮನಸ್ಸು ಕೆಡಿಸುತ್ತಾರೆ, ಅಷ್ಟರಲ್ಲಿ ಆ ಕಡೆ ಜಾಗ ಹೋಗುತ್ತದೆ ಎಂಬ ಭಯ. ಏಜೆಂಟ್ ಕೂಡ ಅದನ್ನೇ ಹೇಳಿದ್ದರು: ಮೊದಲ ದಿನವೇ ಹೆಸರು ಹಾಕಿ, ತಡ ಮಾಡಬೇಡಿ.

ಈ ತಪ್ಪು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳುತ್ತೇನೆ. ಕಾಲೇಜಿನಲ್ಲಿ ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಆಫೀಸಿಗೆ ಮಗ ಒಂದು ಮೇಲ್ ಕಳಿಸಿದರೆ ಮುಗಿಯಿತು. ಎರಡು ಕೆಲಸದ ದಿನಗಳೊಳಗೆ ಅವರು ಹೆಸರು ಹಾಕಲೇಬೇಕು. ಹಾಕಿದ ಮೇಲೆ ಆ ಸೆಮಿಸ್ಟರ್ ಮುಗಿಯುತ್ತಲೇ ಸ್ಕಾಲರ್‌ಶಿಪ್ ನಿಲ್ಲಿಸುವ ಹಕ್ಕು ಕಾಲೇಜಿಗಿರುತ್ತದೆ. ಅಂದರೆ ಆ ಒಂದು ಮೇಲ್‌ನಿಂದ ನಮ್ಮ ಕೈಯಲ್ಲಿದ್ದದ್ದು ಹೋಗುತ್ತದೆ, ಬರಬೇಕಾದದ್ದು ಇನ್ನೂ ಬಾಯಿಮಾತಿನಲ್ಲೇ ಇರುತ್ತದೆ. ಇನ್ನೊಂದು ವಿಷಯ ಇದೆ. ಪೋರ್ಟಲ್‌ನಲ್ಲಿ ಹೆಸರಿಲ್ಲದ ಆಟಗಾರನ ಜೊತೆ ಬೇರೆ ಕಾಲೇಜು ಮಾತಾಡುವಂತೆಯೇ ಇಲ್ಲ, ನಿಯಮಕ್ಕೆ ವಿರುದ್ಧ. ಅದಕ್ಕೇ ಮೂರನೆಯವರಿಂದ ಫೋನ್. ಅದಕ್ಕೇ ಬರವಣಿಗೆಯಲ್ಲಿ ಏನೂ ಇಲ್ಲ. ನಾಳೆ "ನಾವು ಹೇಳೇ ಇಲ್ಲ" ಅಂದರೆ ತೋರಿಸಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ನಮ್ಮಪ್ಪ ಚನ್ನಗಿರಿ ಕಡೆಯವರು. ಅಡಿಕೆ ತೋಟ ಚೇಣಿಗೆ ಕೊಡುವಾಗ, ಮುಂಗಡ ಎಣಿಸಿಕೊಂಡು ಚೀಟಿ ಬರೆಸಿಕೊಳ್ಳದೆ ಚೇಣಿದಾರರಿಗೆ ಒಂದು ಗೊನೆ ಮುಟ್ಟಲು ಬಿಡುತ್ತಿರಲಿಲ್ಲ. ಗುರುತಿನವರಾದರೂ ಅಷ್ಟೇ. ಅದನ್ನು ನೋಡಿಕೊಂಡು ಬೆಳೆದವನು ನಾನು. ಮಗನ ನಾಲ್ಕು ವರ್ಷದ ಓದನ್ನು ಮುಖ ನೋಡದವರ ಮಾತಿಗೆ ಒಪ್ಪಿಸಿದೆ.

ಒಪ್ಪಂದದ ಕಾಗದ ಬಂದದ್ದು ಹನ್ನೊಂದು ದಿನದ ಮೇಲೆ. ಏಳು ಪುಟ. ತಿಂಗಳಿಗೆ 1,200 ಡಾಲರ್ ಎಂದಿತ್ತು. ಕೇಳಿದರೆ, "ಈ ವರ್ಷ ಬಜೆಟ್ ಬಿಗಿ, ಸ್ಟಾರ್ಟ್ ಆದರೆ ಏರಿಸುತ್ತೇವೆ." ಕಾರಣ ಹೇಳದೆ 30 ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು ಎಂಬ ಷರತ್ತೂ ಇತ್ತು. ವಾಪಸ್ ಹೋಗೋಣ ಎಂದು ಆ ರಾತ್ರಿಯೇ ಮಗ ಹಳೇ ಕೋಚ್‌ಗೆ ಫೋನ್ ಮಾಡಿದ. ಅವರು ಕೋಪ ಮಾಡಿಕೊಳ್ಳಲಿಲ್ಲ. "ನಿನ್ನ ಹೆಸರನ್ನು ನಾನು ಪೋರ್ಟಲ್ ಪಟ್ಟಿಯಲ್ಲಿ ನೋಡಿದೆ. ಒಂದು ಮಾತು ಹೇಳಿದ್ದರೆ ಒಂದು ವಾರ ಜಾಗ ಹಿಡಿದಿಡುತ್ತಿದ್ದೆ. ನಿನ್ನೆ ಬೇರೆ ಹುಡುಗನಿಗೆ ಕೊಟ್ಟೆ" ಎಂದರು. ಮಗ ಫೋನ್ ಇಟ್ಟು ಗ್ಯಾರೇಜಿಗೆ ಹೋದ. ಕಿಕ್ ಮಾಡುವ ಕಾಲಿನ ಶೂ ತೆಗೆದುಕೊಂಡು ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಮಣ್ಣು ಉಜ್ಜುತ್ತಾ ಕೂತ. ಶೂ ಚೊಕ್ಕಟವಾಗಿಯೇ ಇತ್ತು. ಅರ್ಧ ಗಂಟೆ ಉಜ್ಜಿದ. ನಾನು ಬಾಗಿಲಲ್ಲೇ ನಿಂತಿದ್ದೆ.

ಉಳಿದದ್ದು ಬೇಗ ಹೇಳುತ್ತೇನೆ. ಬೇರೆ ದಾರಿ ಇಲ್ಲದೆ ಸಹಿ ಹಾಕಿದೆವು. ಜನವರಿಯಿಂದ ನಾಲ್ಕು ಸಲ ಹಣ ಬಂತು. ಏಪ್ರಿಲ್‌ನಲ್ಲಿ ಅದೇ ಕಾಲೇಜು ಪೋರ್ಟಲ್‌ನಿಂದ ಇನ್ನೊಬ್ಬ ಕಿಕ್ಕರ್‌ನನ್ನು ತಂದಿತು. ಮೇ ತಿಂಗಳಲ್ಲಿ ನೋಟಿಸ್ ಬಂತು. 2024ರ ಇಡೀ ಸೀಸನ್ ನನ್ನ ಮಗ ಬೆಂಚಿನಲ್ಲಿ. ಬಂದ 4,800 ಡಾಲರ್‌ನಲ್ಲಿ ತೆರಿಗೆ ಹಿಡಿದಿರಲಿಲ್ಲ, ಆದಾಯ ತೋರಿಸುವ 1099 ಫಾರ್ಮ್ ಬಂದ ಮೇಲೆ ನಾವೇ ಕಟ್ಟಿದೆವು. ಎಂಜಿನಿಯರಿಂಗ್‌ನ 18 ಕ್ರೆಡಿಟ್‌ಗಳನ್ನು ಹೊಸ ಕಾಲೇಜು ಒಪ್ಪಲಿಲ್ಲ. ನಿಜವಾದ ನಷ್ಟ ಅಲ್ಲಿ. ಒಂದು ಸೆಮಿಸ್ಟರ್ ಜಾಸ್ತಿ ಓದಬೇಕಾಯಿತು, ಆ ಫೀಸು ನಮ್ಮ ಉಳಿತಾಯದಿಂದ ಹೋಯಿತು.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ದುಡ್ಡಿದ್ದವರೇ ಗೆಲ್ಲುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಧ ನಿಜ. ಒಹಾಯೊ ಸ್ಟೇಟ್ ಸುಮಾರು 2 ಕೋಟಿ ಡಾಲರ್‌ನ ತಂಡ ಕಟ್ಟಿ 2024ರ ಸೀಸನ್ನಿನ ಚಾಂಪಿಯನ್ ಆಯಿತು, ಹೌದು. ಆದರೆ ಹಣ ಬರುವ ಮುಂಚೆ ಏನಿತ್ತು? ಅಲಬಾಮಾ, ಕ್ಲೆಮ್ಸನ್, ಜಾರ್ಜಿಯಾ, ಒಹಾಯೊ ಸ್ಟೇಟ್ ಬೆಂಚಿನಲ್ಲೇ ದೇಶದ ಅತಿ ಒಳ್ಳೆಯ ಹುಡುಗರು ಎರಡು ವರ್ಷ ಕಾಯುತ್ತಾ ಕೂರುತ್ತಿದ್ದರು. ಕಾಲೇಜು ಬದಲಾಯಿಸಿದರೆ ಒಂದು ವರ್ಷ ಆಡುವಂತಿರಲಿಲ್ಲ. ಈಗ ಕಾಯುವುದಿಲ್ಲ. ಇನ್ನೊಂದು ಕಡೆ ಹಣವೂ ಇದೆ, ಆಡುವ ಜಾಗವೂ ಇದೆ, ಎದ್ದು ಹೋಗುತ್ತಾರೆ. ಹಾಗಾಗಿ ಮೇಲಿನ ತುದಿ ಸ್ವಲ್ಪ ಅಗಲವಾಗಿದೆ. ಇಂಡಿಯಾನಾ ನೋಡಿ. ತಲೆಮಾರುಗಟ್ಟಲೆ ಸೋತ ತಂಡ. 2024ಕ್ಕೆ ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದರು, ತಮ್ಮ ಹಳೇ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಜಾಸ್ತಿ ಹುಡುಗರನ್ನು ಜೊತೆಗೇ ತಂದರು. ಮುಂದಿನ ವರ್ಷ ಕ್ಯಾಲಿಫೋರ್ನಿಯಾದಿಂದ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಫರ್ನಾಂಡೊ ಮೆಂಡೋಜಾ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ, ತಂಡ ಒಂದೂ ಮ್ಯಾಚ್ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಹತ್ತು ವರ್ಷದ ಹಿಂದೆ ಇದನ್ನು ಯಾರೂ ನಂಬುತ್ತಿರಲಿಲ್ಲ.

ಹಾಗಾದರೆ ಏಟು ಬಿದ್ದದ್ದು ಯಾರಿಗೆ? ನ್ಯೂ ಮೆಕ್ಸಿಕೊ ಸ್ಟೇಟ್ ಕತೆ ಕೇಳಿ. 2023ರ ನವೆಂಬರ್‌ನಲ್ಲಿ ಆ ಸಣ್ಣ ತಂಡ ದೊಡ್ಡ ಕಾಲೇಜು ಆಬರ್ನ್‌ನ ಊರಿಗೇ ಹೋಗಿ 31-10ರಿಂದ ಸೋಲಿಸಿತು. ಸುಲಭದ ಗೆಲುವು ಸಿಗಲಿ ಎಂದು ಆಬರ್ನ್ ದುಡ್ಡು ಕೊಟ್ಟು ಕರೆಸಿದ ಮ್ಯಾಚ್ ಅದು. ಕ್ವಾರ್ಟರ್‌ಬ್ಯಾಕ್ ಡಿಯೇಗೊ ಪಾವಿಯಾ. ಮುಂದಿನ ವರ್ಷ ಅವನು ವ್ಯಾಂಡರ್‌ಬಿಲ್ಟ್‌ಗೆ ಹೋದ, ಹಳೇ ಕೋಚ್‌ಗಳಲ್ಲೂ ಕೆಲವರು ಅಲ್ಲಿಗೇ ಹೋದರು. 2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ನಂಬರ್ ಒನ್ ಅಲಬಾಮಾವನ್ನು 40-35ರಿಂದ ಸೋಲಿಸಿತು. ದೇಶವೇ ಕುಣಿಯಿತು. ಆ ವರ್ಷ ನ್ಯೂ ಮೆಕ್ಸಿಕೊ ಸ್ಟೇಟ್ ಗೆದ್ದದ್ದು ಮೂರೇ ಮ್ಯಾಚ್. ಅದೇ ಡಿಸೆಂಬರ್‌ನಲ್ಲಿ ಮಾರ್ಷಲ್ ಎಂಬ ಇನ್ನೊಂದು ಕಾಲೇಜು ತನ್ನ ಲೀಗ್ ಗೆದ್ದೂ ಸೀಸನ್ ಕೊನೆಯ ಬೌಲ್ ಮ್ಯಾಚ್ ಆಡಲಾಗದೆ ಹಿಂದೆ ಸರಿಯಿತು. ಕೋಚ್ ಬೇರೆ ಕಡೆ ಹೋದರು, ಹುಡುಗರು ಗುಂಪುಗುಂಪಾಗಿ ಪೋರ್ಟಲ್‌ಗೆ ಹೋದರು, ತಂಡ ಕಟ್ಟುವಷ್ಟು ಜನ ಉಳಿಯಲಿಲ್ಲ. ನನಗೆ ನೋವಾಗುವುದು ಇಲ್ಲಿ. ಸಣ್ಣ ಕಾಲೇಜು ಎರಡು ವರ್ಷ ಕೂತು ಹುಡುಗನನ್ನು ತಯಾರು ಮಾಡುತ್ತದೆ, ಅವನು ಚೆನ್ನಾಗಿ ಆಡಿದ ದಿನವೇ ಫೋನ್ ಬರುತ್ತದೆ. ಐಪಿಎಲ್‌ನಲ್ಲಾದರೆ ತಂಡಕ್ಕೆ ಖರ್ಚಿನ ಮಿತಿ ಇದೆ, ಆಟಗಾರನಿಗೆ ಒಪ್ಪಂದ ಇದೆ, ಉಳಿಸಿಕೊಳ್ಳುವ ದಾರಿ ಇದೆ. ಇಲ್ಲಿ ಸುಮಾರು ನಾಲ್ಕು ವರ್ಷ ಇದ್ಯಾವುದೂ ಇರಲಿಲ್ಲ.

ಈಗ ಸ್ವಲ್ಪ ಬದಲಾಗಿದೆ. 2025ರ ಜುಲೈನಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಸುಮಾರು 2.05 ಕೋಟಿ ಡಾಲರ್. ಹೊರಗಿನ ಡೀಲ್ 600 ಡಾಲರ್ ಮುಟ್ಟಿದರೆ ವರದಿ ಮಾಡಬೇಕು, ನಿಜವಾದ ಜಾಹೀರಾತೇ ಎಂದು ಪರಿಶೀಲಿಸುತ್ತಾರೆ. ಇದು ಒಳ್ಳೆಯದು. ಆದರೆ ಈ ನಿಯಮಕ್ಕೆ ಸೇರಿದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನ ಎಂಬ ಮಿತಿಯೂ ಬಂದಿದೆ. ಎರಡನೇ ಕಿಕ್ಕರ್, ಮೂರನೇ ಕಿಕ್ಕರ್ ಅಂತ ಇಟ್ಟುಕೊಳ್ಳಲು ಜಾಗ ಕಮ್ಮಿ. ನಿಮ್ಮ ಮಗನಿಗೆ ತಟ್ಟುವುದು ಅದು. ಹಣದ ದೊಡ್ಡ ಪಾಲು ಹೋಗುವುದು ಕ್ವಾರ್ಟರ್‌ಬ್ಯಾಕ್‌ಗೆ, ಅವನನ್ನು ಕಾಯುವ ಲೈನ್‌ನವರಿಗೆ. ಕೋಟಿಗಳ ಸುದ್ದಿ ಓದಿ ಕಿಕ್ಕರ್‌ನ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು. ನಿಮ್ಮ ಮಗ ಇಲ್ಲೇ ಹುಟ್ಟಿದವನಾ? ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದು ಅವನು ಎಚ್-4 ಅವಲಂಬಿತ ವೀಸಾದಲ್ಲಿದ್ದರೆ, ಅಥವಾ 21 ತುಂಬಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಿದ್ದರೆ, ಈ ಹಣವನ್ನು ವಲಸೆ ವಕೀಲರನ್ನು ಕೇಳದೆ ಮುಟ್ಟಲೇಬೇಡಿ. ಅಯೋವಾ ಕಾಲೇಜಿಗೆ ಆಡಿದ ಪಂಟರ್ (ಚೆಂಡನ್ನು ದೂರಕ್ಕೆ ಒದೆದು ಎದುರಾಳಿಗೆ ಕೊಡುವವನು) ಟೋರಿ ಟೇಲರ್ ಆಸ್ಟ್ರೇಲಿಯಾದವನು. ಪಂಟಿಂಗ್ ಬಗ್ಗೆ ಒಂದು ಮಾತು ಅಚ್ಚು ಹಾಕಿದ ಅವನ ಟೀ ಶರ್ಟ್ ಚೆನ್ನಾಗಿ ಮಾರಾಟವಾದರೂ, ವೀಸಾ ಕಾರಣಕ್ಕೆ ಆ ಹಣ ದಾನಕ್ಕೆ ಹೋಯಿತು. ಏಜೆಂಟ್ ಇದನ್ನು ನಿಮಗೆ ಹೇಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದಿರಲ್ಲ, ಹೇಳುತ್ತೇನೆ: ಈ ಫೋನ್ ನಂಬಿ ಹೊರಡಬೇಡಿ. ಯಾವ ಕಾಲೇಜು ಮುಂದಿನ ವರ್ಷ ಗೆಲ್ಲುತ್ತದೆ ಎಂದು ನೋಡಿ ಆರಿಸಬೇಡಿ, ಗೆಲುವು ಈಗ ವರ್ಷಕ್ಕೊಂದು ಊರಿಗೆ ಹೋಗುತ್ತಿದೆ. ಮಗ ಶನಿವಾರ ಒದೆಯುತ್ತಾನಾ, ಅವನ ಕ್ರೆಡಿಟ್‌ಗಳನ್ನು ಒಪ್ಪುತ್ತಾರಾ, ಇಷ್ಟು ನೋಡಿ. ಈಗಿರುವ ಕೋಚ್ ಹತ್ತಿರ ಮಗನನ್ನೇ ಕಳಿಸಿ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಲಿ. "ನನಗೆ ಹೀಗೊಂದು ಮಾತು ಬಂದಿದೆ, ನಾನು ಹೆಸರು ಹಾಕಿದರೆ ನೀವು ಏನು ಮಾಡುತ್ತೀರಿ?" ಎಂದು ನೇರ ಕೇಳಲಿ. ಅವರ ಉತ್ತರದಲ್ಲೇ ನಿಮಗೆ ಅರ್ಧ ಗೊತ್ತಾಗುತ್ತದೆ. 2024ರಲ್ಲಿ ಲಾಸ್ ವೇಗಸ್‌ನ ಕಾಲೇಜು ಯುಎನ್‌ಎಲ್‌ವಿಯ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಮೂರು ಮ್ಯಾಚ್ ಗೆದ್ದ ಮೇಲೆ ತಂಡ ಬಿಟ್ಟ. ಬಾಯಿಮಾತಿನಲ್ಲಿ ಒಂದು ಲಕ್ಷ ಡಾಲರ್ ಹೇಳಿದ್ದರು ಎಂದು ಅವನ ಕಡೆಯವರು, ಅಧಿಕೃತ ಆಫರ್ ಯಾವುದೂ ಇರಲಿಲ್ಲ ಎಂದು ಕಲೆಕ್ಟಿವ್‌ನವರು. ಯಾರ ಮಾತು ಸರಿ ಎಂದು ತೋರಿಸುವ ಕಾಗದ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಗತಿಯೇ ಹಾಗಾದರೆ ಕಿಕ್ಕರ್‌ದು ಏನು?

ನನ್ನ ಮಗ 2025ರಲ್ಲಿ ಇನ್ನೂ ಸಣ್ಣ ಕಾಲೇಜಿಗೆ ಹೋದ. ಎಂಡಾರ್ಸ್‌ಮೆಂಟ್ ಇಲ್ಲ, ಅರ್ಧ ಸ್ಕಾಲರ್‌ಶಿಪ್. ಮೊದಲ ಮ್ಯಾಚಿನಲ್ಲಿ 38 ಗಜದ್ದು ಹೊಡೆದ. ನಾನು, ನನ್ನ ಹೆಂಡತಿ ಸ್ಟ್ಯಾಂಡಿನಲ್ಲಿದ್ದೆವು. ಒದ್ದ ಮೇಲೆ ಅವನು ಮೇಲೆ ನೋಡಲಿಲ್ಲ, ಮೊದಲು ಚೆಂಡು ಹಿಡಿದುಕೊಟ್ಟ ಹುಡುಗನ ತಲೆ ಮುಟ್ಟಿ, ಆಮೇಲೆ ನಮ್ಮ ಕಡೆ ತಿರುಗಿದ.

ಈಗ ಪೋರ್ಟಲ್ ವರ್ಷಕ್ಕೆ ಒಂದೇ ಸಲ, ಜನವರಿಯಲ್ಲಿ ತೆರೆಯುತ್ತದೆ. ಅಂದರೆ ನಿಮಗೆ ಯೋಚಿಸಲು ಸಮಯ ಇದೆ. ಯಾವಾಗಲಾದರೂ ಕಾಗದ ಅಂತ ಬಂದರೆ ಮೊತ್ತ ಬರೆದಿರುವ ಮೊದಲ ಪುಟ ಆಮೇಲೆ ನೋಡಿ. ಒಪ್ಪಂದ ನಿಲ್ಲಿಸುವ ಷರತ್ತು ಎಲ್ಲಿದೆ ಎಂದು ಮೊದಲು ಹುಡುಕಿ. ನಮ್ಮದರಲ್ಲಿ ಅದು ಐದನೇ ಪುಟದಲ್ಲಿತ್ತು.